ಬಲಗಡೆಯ ಕೊನೆಯ ಕಾಲಂ

"ಗುರುಗಳೇ, ಸಣ್ಣ ಪರದೆಯಲ್ಲಿ ಹಿಡಿಸದೆ ಹೊರಗೆ ಚಾಚಿದ್ದನ್ನು ಮರೆಮಾಡಿಬಿಟ್ಟರೆ ತಪ್ಪೇನು?" ಎಂದು ಶಿಷ್ಯ ಚನ್ನವೀರ ಕೇಳಿದ.

ಅವನು ವೆಬ್ ಪುಟ ಕಟ್ಟುವುದನ್ನು ಕಲಿಯಲು ಬಂದವನು. ಆಸ್ಪತ್ರೆಯೊಂದಕ್ಕೆ ಪುಟ ಕಟ್ಟಿದ್ದ. ಕಂಪ್ಯೂಟರಿನಲ್ಲಿ ಅದು ಚೆಂದವಾಗಿ ಕಾಣುತ್ತಿತ್ತು. ಫೋನಿನಲ್ಲಿ ತೆರೆದರೆ ಬಲಕ್ಕೆ ಚಾಚಿಕೊಂಡು ಅತ್ತಿತ್ತ ಜಾರುತ್ತಿತ್ತು. ಪುಟ ಹೇಗೆ ಕಾಣಬೇಕೆಂದು ಹೇಳುವ ಸಿಎಸ್‌ಎಸ್‌ನಲ್ಲಿ ಒಂದು ಸಾಲು ಬರೆದರೆ ಸಾಕು, ಚಾಚಿದ್ದು ಕಾಣದಂತಾಗುತ್ತದೆ, ಜಾರುವುದೂ ನಿಲ್ಲುತ್ತದೆ. ಚನ್ನವೀರ ಅದನ್ನು ಬರೆದು ಹೊಗಳಿಕೆಗೆ ಕಾಯುತ್ತಿದ್ದ.

ಗುರು ಹೊಗಳಲಿಲ್ಲ. "ಕೂತುಕೋ. ನಿನ್ನಂಥ ಜಾಣನೊಬ್ಬನ ಕತೆ ಹೇಳುತ್ತೇನೆ" ಎಂದರು.

ಒಂದು ದೊಡ್ಡ ಹೊಳೆ. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸಲು ಒಂದು ಲಾಂಚ್ ಇತ್ತು. ಲಾಂಚ್ ನಡೆಸುವವರು ಒಬ್ಬ ಪುಟಗಾರನನ್ನು ಕರೆದು, ಲಾಂಚ್ ಹೊರಡುವ ಸಮಯ ಎಲ್ಲರಿಗೂ ತಿಳಿಯುವಂತೆ ಒಂದು ಪುಟ ಕಟ್ಟಿಕೊಡು ಎಂದರು. ಪುಟಗಾರನ ಮೇಜಿನ ಮೇಲೆ ಅಗಲವಾದ ಪರದೆ ಇತ್ತು. ಅವನು ಆ ಪರದೆಯನ್ನೇ ಲೋಕ ಎಂದುಕೊಂಡು ಪುಟ ಕಟ್ಟಿದ. ಎಡಗಡೆ ದಿನ, ನಡುವೆ ಸಮಯ, ಬಲಗಡೆಯ ಕೊನೆಯ ಕಾಲಮ್ಮಿನಲ್ಲಿ ಆ ದಿನದ ಸೂಚನೆ. ಪ್ರತಿ ಕಾಲಮ್ಮಿಗೂ ಇಷ್ಟೇ ಪಿಕ್ಸೆಲ್, ಅಂದರೆ ಪರದೆಯ ಇಷ್ಟೇ ಚುಕ್ಕಿ ಅಗಲ ಎಂದು ಗೆರೆ ಕೊರೆದಂತೆ ಬರೆದ. ಫೋನಿನಲ್ಲಿ ಪುಟ ಜಾರಿತು. ಅವನಿಗೆ ಅದು ಕಣ್ಣಿಗೆ ಕಸ ಬಿದ್ದಂತಾಯಿತು. ನೀನು ಬರೆದ ಸಾಲನ್ನೇ ಅವನೂ ಬರೆದ. ಪುಟ ಅಲುಗದೆ ನಿಂತಿತು. ಅವನು ಹಾಯಾಗಿ ಕಾಫಿ ಕುಡಿದ.

ಒಂದು ದಿನ ಲಾಂಚಿನ ಎಂಜಿನ್ ಕೆಟ್ಟಿತು. ನಾಳೆ ಲಾಂಚ್ ಇಲ್ಲ ಎಂದು ಕೊನೆಯ ಕಾಲಮ್ಮಿನಲ್ಲಿ ಹಾಕಿದರು. ದೊಡ್ಡ ಪರದೆಯವರು ಓದಿಕೊಂಡು, ಬೆಳಿಗ್ಗೆ ಹೊರಡುವ ಒಂದೇ ಒಂದು ಸುತ್ತಿನ ದಾರಿಯ ಬಸ್ಸು ಹಿಡಿದರು. ಸಣ್ಣ ಫೋನಿನವರು ತಮಗೆ ಕಾಣುತ್ತಿದ್ದ ಎಂದಿನ ಸಮಯವನ್ನಷ್ಟೇ ನೋಡಿಕೊಂಡು ಮರುದಿನ ದಡಕ್ಕೆ ಬಂದು ನಿಂತರು. ಕೆಲವರು ದೂರಿದರು. ಪುಟಗಾರ ಒಪ್ಪಲಿಲ್ಲ. ಸೂಚನೆ ಇದೆಯಲ್ಲ, ನನ್ನ ಪರದೆಯಲ್ಲಿ ಕಾಣುತ್ತಿದೆಯಲ್ಲ ಎಂದು ವಾದ ಮಾಡಿದ. ಲಾಂಚಿನವರಿಗೆ ರೇಗಿತು. ಹಾಗಾದರೆ ಇಲ್ಲಿಗೇ ಬಂದು ನೋಡು ಎಂದು ಕರೆಸಿದರು.

ಅವನು ಹೊಳೆಗೆ ಬರುವ ಹೊತ್ತಿಗೂ ಲಾಂಚ್ ರಿಪೇರಿಯಲ್ಲೇ ಇತ್ತು. ಅಷ್ಟರಲ್ಲಿ ಬದಲಿಗೆ ಒಂದು ಪುಟ್ಟ ದೋಣಿ ಬಿಟ್ಟಿದ್ದರು. ಲಾಂಚಿನವರ ಕಚೇರಿ ಇದ್ದದ್ದು ಆಚೆ ದಡದಲ್ಲಿ. ಅವನು ಎಲ್ಲರಿಗಿಂತ ಕೊನೆಗೆ ಬಂದ, ಅದೂ ದೊಡ್ಡ ಚೀಲದ ಜೊತೆ. ದೋಣಿ ತುಂಬಿತ್ತು. ಅವನು ಹಲಗೆಯ ಮೇಲೆ ಒಂದು ಕಾಲು, ದಡದ ಮೇಲೆ ಒಂದು ಕಾಲು ಇಟ್ಟು ನಿಂತ. ನಡುವೆ ಕೂತಿದ್ದ ಒಬ್ಬ ಹುಡುಗಿ ತನ್ನ ಗಂಟನ್ನು ತೊಡೆಗೇರಿಸಿದಳು.

"ಬನ್ನಿ ಅಣ್ಣಾ, ಎಲ್ರೂ ಸ್ವಲ್ಪ ಸ್ವಲ್ಪ ಸರಿದ್ರೆ ಆಯ್ತು" ಎಂದಳು. ಉಳಿದವರೂ ಸರಿದರು. ಒಬ್ಬಾತ ಎದ್ದು ಹಿಂದಿನ ಹಲಗೆಗೆ ಹೋದ. ಪುಟಗಾರ ಕೂತ. ದೋಣಿ ಹೊರಟಿತು.

ಆ ಹುಡುಗಿಗೆ ಆಚೆ ದಡದ ಊರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಸೇರಲು ಕಡೆಯ ದಿನವೇ ಲಾಂಚ್ ಕೆಟ್ಟ ಮರುದಿನ. ಅವಳು ಸಂಜೆಯವರೆಗೂ ದಡದಲ್ಲಿ ಕಾದು ಮನೆಗೆ ಮರಳಿದ್ದಳು. ಈಗ ಇನ್ನೊಂದು ಸಲ ಕೇಳಿನೋಡಲು ಹೊರಟಿದ್ದಳು. ಇಷ್ಟನ್ನು ಅವಳೇ ಪುಟಗಾರನಿಗೆ ಹೇಳಿದಳು.

"ಫೋನಲ್ಲಿ ನೋಡ್ಲಿಲ್ವೇನಮ್ಮಾ?" ಎಂದ ಅವನು.

"ಹಿಂದಿನ ದಿನಾನೇ ನೋಡಿದ್ದೆ ಅಣ್ಣಾ. ಸಮಯ ಇತ್ತು. ಲಾಂಚ್ ಇಲ್ಲ ಅಂತ ಎಲ್ಲಿತ್ತು, ನೀವೇ ತೋರ್ಸಿ" ಎಂದು ಅವಳು ಫೋನನ್ನು ಅವನ ಕೈಗೆ ಕೊಟ್ಟಳು.

ಅವನು ಪುಟವನ್ನು ಬೆರಳಿನಿಂದ ಎಡಕ್ಕೆ ಎಳೆದ. ಅದು ಬರಲಿಲ್ಲ. ಮತ್ತೆ ಎಳೆದ. ಬರದಂತೆ ಮಾಡಿದವನು ಅವನೇ. ನಾಚಿಕೆಯಿಂದ ಕುಗ್ಗಿಹೋದ. ಅವಳು ಬಿಟ್ಟುಕೊಟ್ಟ ಜಾಗದಲ್ಲಿ ಕೂರುವುದೂ ಅವನಿಗೆ ಕಷ್ಟವಾಯಿತು.

ಮನೆಗೆ ಹೋದವನು ಮೊದಲು ಆ ಒಂದು ಸಾಲನ್ನು ತೆಗೆದ. ಅಂಥದೇ ಸಣ್ಣ ಫೋನೊಂದನ್ನು ಎದುರಿಗೆ ಇಟ್ಟುಕೊಂಡು ಪುಟವನ್ನು ಹೊಸದಾಗಿ ಕಟ್ಟಿದ. ಸೂಚನೆಯನ್ನು ಎಲ್ಲಕ್ಕಿಂತ ಮೇಲೆ ತಂದ. ಪಕ್ಕದಲ್ಲಿ ಹಿಡಿಸದ್ದು ಕೆಳಗೆ ಇಳಿಯಲಿ, ಪರದೆ ಅಗಲವಾದಂತೆ ಮತ್ತೆ ಪಕ್ಕಕ್ಕೆ ಬರಲಿ ಎಂದು ಬರೆದ. ಪಿಕ್ಸೆಲ್ ಲೆಕ್ಕದಲ್ಲಿ ಅಗಲ ಕೊರೆಯುವುದನ್ನು ಬಿಟ್ಟು, ಇರುವ ಜಾಗವನ್ನು ಹಂಚಿಕೊಳ್ಳಲು ಕಾಲಮ್ಮುಗಳಿಗೆ ಹೇಳಿದ. ಆಮೇಲೆ ಯಾವ ಫೋನಿನಲ್ಲೂ ಯಾವುದೂ ಕಾಣೆಯಾಗಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಆ ಹುಡುಗಿಗೆ ಸೀಟು ಸಿಕ್ಕಿತೇ?" ಎಂದ ಚನ್ನವೀರ.

"ಇಲ್ಲ. ಅದು ಆಗಲೇ ಬೇರೆಯವರ ಪಾಲಾಗಿತ್ತು."

ಚನ್ನವೀರನಿಗೆ ಕೆಡುಕೆನಿಸಿತು. ಆದರೂ ತನ್ನ ಪುಟದ ಮೇಲಿನ ಮೋಹ ಬಿಡಲಿಲ್ಲ. "ಪಾಪ. ಆದರೆ ಗುರುಗಳೇ, ಮರೆಮಾಡಿದ ಮೇಲೆ ಪುಟ ನೋಡಲು ಚೊಕ್ಕವಾಗಿತ್ತಲ್ಲ?" ಎಂದ.

ಗುರು ಅವನ ಮುಖ ನೋಡಿ ಹೇಳಿದರು: "ಆ ದೋಣಿ ನಿನ್ನ ಕೈಯಲ್ಲಿ ಇದ್ದಿದ್ದರೆ, ಕೊನೆಗೆ ಬಂದವನನ್ನು ನೀರಿಗೆ ನೂಕಿ, ಈಗ ದೋಣಿ ಚೊಕ್ಕವಾಯಿತು ಎನ್ನುತ್ತಿದ್ದೆ."