ಬೊಮ್ಮಣ್ಣನ ಮೂಗು, ನೀಲವ್ವನ ಕಾಲುಂಗುರ

ಎಣ್ಣೆಯನ್ನು ಮೂಸಿಯೇ ಅದರ ಜಾತಕ ಹೇಳುವವನೊಬ್ಬನಿದ್ದ. ಹೆಸರು ಬೊಮ್ಮಣ್ಣ. ಅವನ ಊರಿನ ಹಿಂದಿದ್ದ ಬೋಳುಗುಡ್ಡದಲ್ಲಿ ನೆಲ ಅಗೆದರೆ ನೀರಿನ ಬದಲು ಕಪ್ಪು ಎಣ್ಣೆ ಜಿನುಗುತ್ತಿತ್ತು. ಪಟ್ಟಣದ ಬೀದಿದೀಪಗಳು ಉರಿಯುತ್ತಿದ್ದುದು ಅದರಿಂದಲೇ. ಆದರೆ ನೆಲದ ಎಣ್ಣೆಯೆಲ್ಲ ಒಂದೇ ಅಲ್ಲ. ಒಂದರಲ್ಲಿ ನೀರು ಬೆರೆತಿರುತ್ತದೆ, ಒಂದರಲ್ಲಿ ಮೇಣ, ಮತ್ತೊಂದರಲ್ಲಿ ಗಂಧಕ. ಬೊಮ್ಮಣ್ಣ ಒಂದು ತೊಟ್ಟನ್ನು ಬಿಳಿ ಬಟ್ಟೆಯ ಮೇಲೆ ಬಿಟ್ಟು ಅದು ಹರಡುವುದನ್ನು ನೋಡುತ್ತಿದ್ದ. ಬೆರಳಲ್ಲಿ ಉಜ್ಜುತ್ತಿದ್ದ. ಕೊನೆಗೆ ಮೂಸಿ ತೀರ್ಪು ಕೊಡುತ್ತಿದ್ದ. ಆ ತೀರ್ಪು ಒಮ್ಮೆಯೂ ತಪ್ಪಿರಲಿಲ್ಲ. ಹಾಗಿದ್ದ ಮೇಲೆ ಜಂಬ ಬರಲು ಎಷ್ಟು ಹೊತ್ತು ಬೇಕು?

ಅವನಿಗೆ ಈ ವಿದ್ಯೆ ಕಲಿಸಿದ ಗುರು ಗುಂಡಿಯ ಹತ್ತಿರ ಹೋಗುವಾಗಲೆಲ್ಲ ಬೂದಿಯಲ್ಲಿ ತಿಕ್ಕಿದ ಬೆಳ್ಳಿಯ ಬಿಲ್ಲೆಯೊಂದನ್ನು ಜೊತೆಗೆ ಒಯ್ಯುತ್ತಿದ್ದ. "ಗಂಧಕದ ಗಾಳಿ ಜೀವ ತೆಗೆಯುತ್ತೆ, ಅದು ಸೋಕಿದರೆ ಬೆಳ್ಳಿ ಕಪ್ಪಾಗುತ್ತೆ ಕಣೋ. ಮೂಗನ್ನು ಕೇಳು, ಬೆಳ್ಳಿಯನ್ನೂ ಕೇಳು" ಎನ್ನುತ್ತಿದ್ದ. ಗುರು ತೀರಿಕೊಂಡ ಮೇಲೆ ಬೊಮ್ಮಣ್ಣ ಆ ಬಿಲ್ಲೆಯನ್ನು ಗೋಡೆಯ ಗೂಟಕ್ಕೆ ನೇತುಹಾಕಿದ. ಇಂಥ ಮೂಗು ಇರುವಾಗ ಬೆಳ್ಳಿಯ ಹಂಗೇಕೆ!

ಗುಡ್ಡದ ಆಚೆ ಬದಿಯಲ್ಲಿ ಹೊಸ ಗುಂಡಿ ತೋಡಿದ್ದರು. ತಳದಲ್ಲಿ ಎಣ್ಣೆ ಮಿನುಗುತ್ತಿತ್ತು. ಇಳಿದು ಮೊದಲ ಕೊಡ ತುಂಬಬೇಕಾದವನು ಬೊಮ್ಮಣ್ಣನ ಅಳಿಯ ಹಾಲಪ್ಪ. ಮಗಳು ನೀಲವ್ವನನ್ನು ಅವನಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ.

ಅವತ್ತು ಗುಂಡಿಯ ಸುತ್ತ ಏನೋ ಸರಿಯಿರಲಿಲ್ಲ. ನಡುಹಗಲಾದರೂ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಬುತ್ತಿಯ ಬೆಲ್ಲಕ್ಕೆ ಒಂದು ನೊಣವೂ ಬರಲಿಲ್ಲ. ಅಂಚಿನ ಕಲ್ಲಿನ ಮೇಲೆ ಓತಿಕ್ಯಾತವೊಂದು ತಲೆಯೆತ್ತಿಕೊಂಡು ಕೂತಿತ್ತು. ಕಡ್ಡಿಯಿಂದ ಮುಟ್ಟಿದರೆ ಹಾಗೆಯೇ ಪಕ್ಕಕ್ಕೆ ಉರುಳಿತು.

ಬೊಮ್ಮಣ್ಣ ಗುಂಡಿಯ ಬಾಯಿಗೆ ಬಗ್ಗಿದ. ಕೊಳೆತ ಮೊಟ್ಟೆಯ ನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು. "ಗಂಧಕದ ಗಾಳಿ ಐತಿ. ತಡೀರಿ, ಅದು ಹಾರಿ ಹೋಗ್ಲಿ" ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಕಣ್ಣು ಉರಿಯಿತು, ತಲೆ ಭಾರವಾಯಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಳೆದಿರಬೇಕು. ನಾತ ನಿಂತುಹೋಯಿತು. ಮತ್ತೆ ಬಗ್ಗಿ ಮೂಸಿದ. ಏನೂ ಇಲ್ಲ. ತೊಳೆದಿಟ್ಟ ಹಾಗೆ ಶುದ್ಧವಾದ ಗಾಳಿ.

"ಹೋಯ್ತು ನೋಡು. ಇಳಿ ಹಾಲಪ್ಪಾ, ಹೆದರಬ್ಯಾಡ" ಎಂದ.

ಹಾಲಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ದೂರದ ದಿಬ್ಬದ ಮೇಲೆ ನಿಂತ ಆಳುಗಳು ಹಗ್ಗ ಸಡಿಲಿಸುತ್ತ ಹೋದರು. ಬುತ್ತಿ ತಂದಿದ್ದ ನೀಲವ್ವ ಅಪ್ಪನ ಪಕ್ಕದಲ್ಲೇ ನಿಂತಿದ್ದಳು. ಅವಳು ಇದ್ದಕ್ಕಿದ್ದಂತೆ ಅವನ ಭುಜ ಹಿಡಿದಳು.

"ಅಪ್ಪಾ, ನನ್ನ ಕಾಲುಂಗುರ ನೋಡು."

ಬೆಳಗ್ಗೆಯಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ ಉಂಗುರಗಳು. ಈಗ ಹಂಚಿನ ಮಸಿಯಂತೆ ಕಪ್ಪಗಿದ್ದವು. ಮುತ್ತೈದೆಯ ಕಾಲುಂಗುರ ಕಪ್ಪಾದರೆ ಯಾವ ಹೆಣ್ಣಿನ ಎದೆ ಝಲ್ಲೆನ್ನುವುದಿಲ್ಲ?

"ಅಪಶಕುನ ಗಿಪಶಕುನ ಅನ್ನಬ್ಯಾಡ" ಎಂದು ಬೊಮ್ಮಣ್ಣ ಗದರಿದ. "ವಾಸನಿ ಹೋಗೇತಿ ಅಂತ ಹೇಳಿದ್ನಲ್ಲ?"

"ವಾಸನಿ ನನಗೂ ಬರವಲ್ದು ಅಪ್ಪಾ." ಅವಳು ಮುಡಿಗೆ ಕೈ ಹಾಕಿದಳು. "ನನ್ನ ಮುಡಿಯಾಗ ಸಂಪಿಗಿ ಐತಿ. ಅದರ ವಾಸನಿನೂ ಬರವಲ್ದು."

ಬೊಮ್ಮಣ್ಣ ಆ ಹೂವನ್ನು ಕಿತ್ತು ಮೂಗಿಗೆ ಒತ್ತಿಕೊಂಡ. ಮೂರು ಮನೆ ಆಚೆಗೂ ಘಮ್ಮೆನ್ನುವ ಸಂಪಿಗೆ. ಬೆರಳಲ್ಲಿ ಹಿಸುಕಿದ, ಎಳೆದು ಎಳೆದು ಉಸಿರು ತೆಗೆದುಕೊಂಡ. ಏನೂ ಇಲ್ಲ. ಗಾಳಿ ಎಲ್ಲಿಗೂ ಹೋಗಿರಲಿಲ್ಲ. ಗುಂಡಿ ತುಂಬಿ, ಅಂಚು ದಾಟಿ, ಅವರ ಪಾದದ ಬಳಿ ಸದ್ದಿಲ್ಲದೆ ಮಲಗಿತ್ತು. ಅದಕ್ಕೆ ಮರಗಟ್ಟಿ ಹೋಗಿದ್ದು ಅವನ ಮೂಗು.

"ಹಾಲಪ್ಪಾ!"

ಗುಂಡಿಯೊಳಗೆ ಇಳಿದಿದ್ದ ಹಗ್ಗ ಅಲುಗಲಿಲ್ಲ.

"ಎಳೀರಿ! ಹಗ್ಗ ಎಳೀರೋ!" ಎಂದು ಬೊಬ್ಬೆ ಹಾಕುತ್ತ ಮಗಳನ್ನು ದಿಬ್ಬದತ್ತ ದೂಡಿ, ತಾನೂ ಓಡಿಹೋಗಿ ಹಗ್ಗಕ್ಕೆ ಕೈ ಹಾಕಿದ. ಹಾಲಪ್ಪ ಮೇಲೆ ಬಂದಾಗ ತಲೆ ಜೋತುಬಿದ್ದಿತ್ತು, ತುಟಿ ನೀಲಿಯಾಗಿತ್ತು. ಮುಖದಲ್ಲಿ ಮಾತ್ರ ಹಾಲು ಕುಡಿದು ಮಲಗಿದ ಕೂಸಿನ ನೆಮ್ಮದಿ. ದಿಬ್ಬದ ಮೇಲೆ ಗಾಳಿಗೆ ಮಲಗಿಸಿ ಎದೆ ತಿಕ್ಕಿದರು. ನೀಲವ್ವ ಅಳಲಿಲ್ಲ, ತನ್ನ ಕಾಲನ್ನೇ ನೋಡುತ್ತ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಅವನು ಕೆಮ್ಮಿ ಕಣ್ಣು ಬಿಟ್ಟ.

"ಮಾವಾ, ಕೆಳಗ ವಾಸನಿನೇ ಇರಲಿಲ್ಲ" ಎಂದ. "ಭಾಳ ಹಿತ ಅನಿಸ್ತು. ಅಲ್ಲೇ ಮಲಗಬೇಕು ಅನಿಸ್ತು."

ಬೊಮ್ಮಣ್ಣ ಅಳಿಯನ ಕಾಲ ಬಳಿ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಆ ಗುಂಡಿಗೆ ಬಂಡೆ ಮುಚ್ಚಿಸಿದ. ಮಗಳಿಗೆ ಹೊಸ ಕಾಲುಂಗುರ ಮಾಡಿಸಿ, ಕಪ್ಪಾದವನ್ನು ಗುರುವಿನ ಬಿಲ್ಲೆಯ ಜೊತೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡ. ಬಿಲ್ಲೆಯನ್ನು ದಿನಾ ತಿಕ್ಕುತ್ತಿದ್ದ. ಉಂಗುರಗಳನ್ನು ಮಾತ್ರ ಎಂದೂ ತಿಕ್ಕಲಿಲ್ಲ. ಬಂಡೆಯ ಸಂದಿಗೆ ಮೂಗಿಟ್ಟು ನೋಡಿದ ದಾರಿಹೋಕರು ಇಂದಿಗೂ ಹೇಳುತ್ತಾರಂತೆ: "ಮೊದಲು ಸ್ವಲ್ಪ ನಾರುತ್ತದೆ. ಆಮೇಲೆ ಏನೂ ಇಲ್ಲ."

ನೀತಿ: ಕೆಟ್ಟದ್ದರ ನಾತ ಬಡಿಯುತ್ತಿರುವವರೆಗೆ ನಾವಿನ್ನೂ ಬದುಕಿದ್ದೇವೆ. ಅದು ನಿಂತಾಗ ಕೆಟ್ಟದ್ದು ತೊಲಗಿತೆಂದು ಹಿಗ್ಗಬೇಡಿ; ಅದಕ್ಕೆ ನಾವೇ ಒಗ್ಗಿಹೋಗಿರಬಹುದು. ಎಷ್ಟೇ ಬಲ್ಲವನಾದರೂ ತನ್ನನ್ನು ತಾನೊಬ್ಬನೇ ನಂಬಬಾರದು, ಪಕ್ಕದಲ್ಲಿರುವವರ ಮಾತನ್ನೂ ಕೇಳಬೇಕು.