ಹಾರಿಸಿ ಓದಿದ ಹಾಳೆ

ಹೊಳೆದಂಡೆಯ ಮಠದಲ್ಲಿ ಸಂಜೆ ಪ್ರಸಾದಕ್ಕೆ ಮುಂಚೆ ಶಾಲೆಯ ಮಕ್ಕಳಿಗೆ ಕಥೆ ಓದುವ ರೂಢಿ. ಈ ಸಲ ಆ ಕೆಲಸ ಶಿಷ್ಯ ಮುರಿಗೆಪ್ಪನ ಪಾಲಿಗೆ ಬಂದಿತ್ತು.

ಮರುದಿನ ಬೆಳಿಗ್ಗೆ ಅವನಿಗೆ ಸನ್ಯಾಸ ದೀಕ್ಷೆ. ಕಾವಿ ಉಡಬೇಕೆಂಬುದು ಅವನ ಜೀವಮಾನದ ಆಸೆ. ಎಲ್ಲ ಬಿಟ್ಟವನ ಮುಖ ಹೇಗಿರಬೇಕೆಂದು ಕನ್ನಡಿ ಮುಂದೆ ಗಂಟಿಕ್ಕಿ ನೋಡಿಕೊಂಡದ್ದೂ ಉಂಟು, ಪಾಪ.

ಅವನು ದಿನಾ ಓದುತ್ತಿದ್ದ ಮಕ್ಕಳ ಕಾದಂಬರಿಯಲ್ಲಿ ಒಂದು ಮುಂಗೋಪಿ ಕತ್ತೆ. ಹತ್ತಿರ ಬಂದವರಿಗೆಲ್ಲ ಒದೆಯುತ್ತಿತ್ತು. ಸಾಕಿದ ಕುಂಬಾರ ಮುದುಕಿ ಮಾತ್ರ ಒದೆಸಿಕೊಂಡೂ ಅದರ ಕುತ್ತಿಗೆ ತುರಿಸುತ್ತಿದ್ದಳು. ಬರಬರುತ್ತಾ ಅವಳ ಹೆಜ್ಜೆ ಸಪ್ಪಳ ಕೇಳದೆ ಕತ್ತೆಗೆ ಹುಲ್ಲು ಸೇರದಂತಾಯಿತು.

ಆ ಸಂಜೆ ಮುದುಕಿ ಕಾಯಿಲೆ ಬೀಳುವ ಅಧ್ಯಾಯ. ಮುಂದಿನ ಸಾಲುಗಳ ಮೇಲೆ ಕಣ್ಣಾಡಿಸಿದ್ದೇ ತಡ, ಮುರಿಗೆಪ್ಪನಿಗೆ ಅಳು ಒತ್ತರಿಸಿ ಬಂತು. ಕಟ್ಟೆಯ ಮೇಲೆ ಗುರುಗಳು, ಎಲ್ಲರ ಬಾಯಲ್ಲಿ ಅಜ್ಜಾರು, ಶೇಂಗಾ ಸುಲಿಯುತ್ತಾ ಕೂತಿದ್ದರು. ಅವರೆದುರು ಕತ್ತೆಗಾಗಿ ಅತ್ತರೆ ದೀಕ್ಷೆಯ ಗತಿ ಏನು? ಮೆಲ್ಲಗೆ ಎರಡು ಹಾಳೆ ಒಟ್ಟಿಗೇ ತಿರುವಿದ.

"ಅಣ್ಣಾರ, ಹಾಳಿ ಹಾರಿಸಿದ್ರಿ," ಅಂದಳು ಮುಂದೆ ಕೂತಿದ್ದ ನೀಲವ್ವ. ಮಕ್ಕಳ ಕಣ್ಣು ತಪ್ಪಿಸುವುದುಂಟೇ?

"ಅದರಾಗ ಏನೂ ಇಲ್ಲವ್ವಾ. ಕತ್ತಿ ಬ್ಯಾರೆ ಊರಿಗೆ ಹೋತು."

"ಮುದುಕಿ?"

ಮುರಿಗೆಪ್ಪ ಸಾಲು ಹುಡುಕುವವನಂತೆ ಪುಸ್ತಕಕ್ಕೆ ತಲೆ ಬಗ್ಗಿಸಿದ.

"ಏನೂ ಇಲ್ಲಂದ್ರ ಓದಿಬಿಡು," ಅಂದರು ಅಜ್ಜಾರು, ತಲೆ ಎತ್ತದೆ.

ಓದಿದ. ಮುದುಕಿಯ ಚಟ್ಟದ ಹಿಂದೆ ಕತ್ತೆ ನಡೆದುಹೋಗುವಲ್ಲಿ ದನಿ ಒಡೆಯಿತು. ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಬಿಕ್ಕಿ ಬಿಕ್ಕಿ ಅತ್ತ.

ಮಕ್ಕಳು ನಗಲಿಲ್ಲ. ದಿನಾ ದೂರ ಗೋಡೆಗೆ ಒರಗಿ ಕೂರುತ್ತಿದ್ದವರೂ ಜರುಗಿ ಜರುಗಿ ಅವನ ಮೊಣಕಾಲಿಗೆ ಒತ್ತಿ ಕೂತರು.

"ಸಾವಕಾಶ ಓದ್ರಿ ಅಣ್ಣಾರ," ಅಂದಳು ನೀಲವ್ವ, ಅವನ ಬೆನ್ನು ಸವರುತ್ತಾ. "ನಾವ್ ಇಲ್ಲೇ ಇರ್ತೀವಿ."

ಅಂತೂ ಅಧ್ಯಾಯ ಮುಗಿಯಿತು. ಎಷ್ಟೋ ದಿನದ ಮೇಲೆ ಅವನಿಗೆ ಎದೆ ಹಗುರಾಗಿತ್ತು. ಮಕ್ಕಳು ಪ್ರಸಾದಕ್ಕೆ ಎದ್ದು ಹೋದ ಮೇಲೆ ನಾಳೆಯ ನೆನಪಾಗಿ ಮತ್ತೆ ಮುಖ ಬಾಡಿತು. ಹೋಗಿ ಅಜ್ಜಾರ ಕಾಲ ಬಳಿ ಕೂತ.

"ನನಗ ದೀಕ್ಷಾ ಬ್ಯಾಡ್ರಿ ಅಜ್ಜಾರ."

"ಯಾಕೋ?"

"ಕಥಿಯೊಳಗಿನ ಕತ್ತಿಯನ್ನ ಬಿಡಾಕ ಆಗಲಿಲ್ಲ. ಇನ್ನ ಸಂಸಾರ ಬಿಟ್ಟೆ ಅಂತ ಯಾವ ಬಾಯಿಲೆ ಹೇಳ್ಲಿ?"

"ಮಕ್ಕಳು ದಿನಾ ಎಲ್ಲಿ ಕೂಡ್ತಿದ್ರು?"

"ದೂರ, ಗ್ವಾಡಿ ಹತ್ರ."

"ಇವತ್ತ?"

ಮುರಿಗೆಪ್ಪನ ಕಣ್ಣು ಮತ್ತೆ ತುಂಬಿತು. ಅಜ್ಜಾರು ಶೇಂಗಾದ ಮೊರ ಬದಿಗಿಟ್ಟು, ತಮ್ಮ ಕಾವಿ ಶಲ್ಯದ ತುದಿಯಿಂದ ಅವನ ಮುಖ ಒರೆಸಿದರು.

"ಈ ಶಲ್ಯ ಇಷ್ಟು ಉದ್ದ ಯಾಕೈತಿ ಅಂತ ತಿಳಕೊಂಡಿ? ನಾಳೆ ನೀನೂ ಒಂದು ಹೊದ್ದುಕೊಂಡು ಬಾ. ಮುಂದಿನ ಅಧ್ಯಾಯ ಇನ್ನೂ ಅಳಸ್ತೈತಿ."