ಕರಸ್ಥಲಕ್ಕೆ ಮರಳಿದ ಲಿಂಗ

ಹಳ್ಳದ ದಂಡೆಯ ಆ ಚಿಕ್ಕ ಮಠದಲ್ಲಿ ಪೀಠವೆಂಬುದು ಹೆಸರಿಗಷ್ಟೇ ಇತ್ತು. ಪೂಜ್ಯ ಚಿದ್ಘನ ಶಿವಯೋಗಿಗಳು ಅದರ ಮೇಲೆ ಕುಳಿತದ್ದನ್ನು ಕಂಡವರೇ ಕಡಿಮೆ. ಹಿತ್ತಲಲ್ಲಿ ಮೊಣಕಾಲೂರಿ, ಭಸ್ಮ ಸೋಸಿ, ನೀರು ಹಾಕಿ ಕಲಸಿ, ತಮ್ಮ ಕೈಯಾರೆ ವಿಭೂತಿ ಗಟ್ಟಿ ಮಾಡುತ್ತಿದ್ದರು.

ಒಂದು ದಿನ ಬಟ್ಟೆ ವ್ಯಾಪಾರಿ ಅಂದಾನಪ್ಪನವರು ಪತ್ನಿ ನೀಲವ್ವನ ಹೆಗಲು ಹಿಡಿದು ಅಲ್ಲಿಗೆ ಬಂದರು. ಲಕ್ವಾ ಹೊಡೆದು ಅವರ ಎಡಗೈ ಮುಷ್ಟಿಯಾಗಿ ಸೆಟೆದಿತ್ತು. ಆ ಕೈಗೆ ದಿನವೂ ಕೆಲಸ ಕೊಡಬೇಕೆಂದು ವೈದ್ಯರು ಹೇಳಿದ್ದರು. ಇವರೋ ಎಲ್ಲವನ್ನೂ ಬಲಗೈಗೆ ಒಪ್ಪಿಸಿ, ಎಡಗೈಯನ್ನು ಶಲ್ಯದೊಳಗೆ ಬಚ್ಚಿಟ್ಟಿದ್ದರು. ಭಯವೆಂಬುದು ಲಕ್ವಾಕ್ಕಿಂತ ಕೆಟ್ಟದ್ದು ನೋಡಿ! ಇಷ್ಟಲಿಂಗವನ್ನು ಕರಸ್ಥಲದಲ್ಲಿ, ಎಂದರೆ ಎಡ ಅಂಗೈಯಲ್ಲಿ, ಇಟ್ಟು ಪೂಜಿಸುವುದು ಅವರ ಮನೆತನದ ನಿತ್ಯನೇಮ. ನೀಲವ್ವ ಬೆರಳು ಬಿಡಿಸಿ ಲಿಂಗವನ್ನು ಇರಿಸಿದಾಗ ಪತಿಯ ಕೈಗೆ ಸೆಳೆತ ಬಂದು, ಅದು ನೆಲಕ್ಕೆ ಬಿದ್ದಿತ್ತು. ಅಂದಿನಿಂದ ಲಿಂಗವಿದ್ದ ಕೊರಳ ಕರಡಿಗೆಯನ್ನು ಅವರು ತೆರೆದೇ ಇರಲಿಲ್ಲ.

"ಅಜ್ಜಾರ, ಲಿಂಗ ಕೆಡವೀನ್ರಿ. ಇನ್ನೊಮ್ಮೆ ಲಕ್ವಾ ಹೊಡೀತಂದ್ರ ಈ ಪಾಪ ಹೊತ್ಕೊಂಡ ಸಾಯ್ತೀನಿ. ಪ್ರಾಯಶ್ಚಿತ್ತ ಹೇಳ್ರಿ," ಎಂದು ಅಂದಾನಪ್ಪನವರು ಬೇಡಿಕೊಂಡರು.

ಶಿವಯೋಗಿಗಳು ನೀಲವ್ವನ ಕಡೆ ತಿರುಗಿ, "ಯವ್ವಾ, ಇವರ ಬಲಗೈನ ಶಲ್ಯದಾಗ ಕಟ್ಟವಾ. ಎಡಗೈಲೆ ವಿಭೂತಿ ಕಲಸಲಿ," ಎಂದರು.

ಅದನ್ನೇ ಪ್ರಾಯಶ್ಚಿತ್ತವೆಂದು ನಂಬಿ ಅಂದಾನಪ್ಪನವರು ದಿನವೂ ಬಂದರು. ಶಿವಯೋಗಿಗಳು ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಸಿ ಭಸ್ಮದ ಮುದ್ದೆಯ ಮೇಲೆ ಒತ್ತಿಸುತ್ತಿದ್ದರು. ಗಟ್ಟಿ ಕೈಜಾರಿ ಬಿದ್ದು ಒಡೆದಾಗಲೆಲ್ಲ ಅಂದಾನಪ್ಪನವರು ಲಿಂಗ ಬಿದ್ದದ್ದನ್ನೇ ನೆನೆಯುತ್ತಿದ್ದರು. ಶಿವನ ಭಸ್ಮವೂ ತನ್ನ ಕೈಯಲ್ಲಿ ನಿಲ್ಲಲೊಲ್ಲದೆಂದು ಕಂಗೆಡುತ್ತಿದ್ದರು. ಶಿವಯೋಗಿಗಳು ಚೂರುಗಳನ್ನು ಆಯ್ದು ಮತ್ತೆ ಮುದ್ದೆಗೆ ಸೇರಿಸುತ್ತಿದ್ದರು. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಮೊದಲು ಹೆಬ್ಬೆರಳು ಸಡಿಲಿತು, ಆಮೇಲೆ ಅಂಗೈ ತುಸು ತೆರೆಯಿತು.

"ಇವತ್ತ ಲಿಂಗ ತಗೀಪಾ," ಎಂದರು ಶಿವಯೋಗಿಗಳು.

ಅಂದಾನಪ್ಪನವರು ಕೊರಳ ಕರಡಿಗೆಯತ್ತ ನೋಡಿದರು. "ಪ್ರಾಯಶ್ಚಿತ್ತ ಮುಗೀತೇನ್ರಿ?"

"ಪಾಪನ ಇರಲಿಲ್ಲ, ಪ್ರಾಯಶ್ಚಿತ್ತ ಎಲ್ಲೀದು? ಕೈಗೆ ದುಡಿಮಿ ಬೇಕಾಗಿತ್ತು."

"ಮತ್ತ ಬಿದ್ದರ, ಅಜ್ಜಾರ?"

"ಬಿದ್ರ ಎತ್ತಿಕೋ. ಲಕ್ವಾ ಹೊಡದು ನೀ ಬಿದ್ದಾಗ ಆ ಶಿವ ನಿನ್ನ ಎತ್ತಲಿಲ್ಲೇನು?"

ಶಲ್ಯದ ಕಟ್ಟು ಬಿಚ್ಚಿಸಿಕೊಂಡು ಅಂದಾನಪ್ಪನವರು ಬಲಗೈಯಿಂದ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡರು. ಕೈ ನಡುಗಿ ಲಿಂಗ ಅಂಚಿಗೆ ಸರಿಯಿತು. ನೀಲವ್ವ ಚೀರಿ ಕೈಚಾಚಿದರು. ಶಿವಯೋಗಿಗಳು ಆಕೆಯನ್ನು ತಡೆದರು. ಅಷ್ಟರಲ್ಲಿ ಆ ಬೆರಳುಗಳೇ ನಿಧಾನವಾಗಿ ಮಡಿಚಿಕೊಂಡು ಲಿಂಗವನ್ನು ಹಿಡಿದುಕೊಂಡವು.

ಅಂದಾನಪ್ಪನವರು ಗಳಗಳನೆ ಅತ್ತರು. ಕೈ ಇನ್ನೂ ನಡುಗುತ್ತಲೇ ಇತ್ತು. ಅವರು ಅಂಜದೆ, ಕಣ್ಣು ಕದಲಿಸದೆ, ಲಿಂಗವನ್ನೇ ನೋಡುತ್ತ ಕುಳಿತರು.